ಹಳೆಯ ಗ್ರಾಫಿಂಗ್ ಕ್ಯಾಲ್ಕುಲೇಟರ್: ಮೊದಲು ಸೆಲ್ಲಿನ ಮುಚ್ಚಳ ತೆಗೆದು ನೋಡಿ

ಪ್ರಶ್ನೆ: ಅಮೆರಿಕದಿಂದ ಬರುವ ಅಣ್ಣನ ಕೈಲಿ ಹಳೆಯ ಗ್ರಾಫಿಂಗ್ ಕ್ಯಾಲ್ಕುಲೇಟರ್ (ಸಮೀಕರಣದ ವಕ್ರರೇಖೆಯನ್ನು ಪರದೆಯಲ್ಲೇ ಬಿಡಿಸಿ ತೋರಿಸುವಂಥದ್ದು) ತರಿಸಬೇಕೆಂದಿದ್ದೇನೆ. ಕ್ಯಾಸಿಯೊ ಎಫ್‌ಎಕ್ಸ್-7000ಜಿ, ಟಿಐ-83 ಪ್ಲಸ್, ಎಚ್‌ಪಿ 48ಜಿ ಮೂರೂ ಸಿಗುತ್ತಿವೆ. ಷೋಕೇಸಿನಲ್ಲಿಡಲು ಅಲ್ಲ, ದಿನಾ ಸೈಟಿನ ಲೆಕ್ಕಕ್ಕೆ, ಸಾಲದ ಕಂತಿನ ಲೆಕ್ಕಕ್ಕೆ ಬೇಕು. ಯಾವುದು ಆದೀತು?
– ಸಿವಿಲ್ ಎಂಜಿನಿಯರ್, ಹುಬ್ಬಳ್ಳಿ

ಉತ್ತರ: ಟಿಐ-83 ಪ್ಲಸ್ ತರಿಸಿ. 1985ರ 7000ಜಿ ಮಾರುಕಟ್ಟೆಗೆ ಬಂದ ಮೊಟ್ಟಮೊದಲ ಗ್ರಾಫಿಂಗ್ ಕ್ಯಾಲ್ಕುಲೇಟರ್, ಸಂಗ್ರಹಕ್ಕೆ ಬೆಲೆಬಾಳುವ ವಸ್ತು. ಆದರೆ ಪ್ರೋಗ್ರಾಂ ಬರೆಯಲು ಅದರಲ್ಲಿರುವುದು ಬರೀ 422 ಬೈಟ್. ಕೆಲವು ಸೂತ್ರ ತುಂಬಿಸುವಷ್ಟರಲ್ಲಿ ಜಾಗ ಮುಗಿಯುತ್ತದೆ. 83 ಪ್ಲಸ್‌ನಲ್ಲಿ (1999) 24 ಕೆಬಿ ರ‍್ಯಾಮ್ ಇದೆ, ಸೆಲ್ ತೆಗೆದರೂ ಅಳಿಸಿಹೋಗದ 160 ಕೆಬಿ ಆರ್ಕೈವ್ ಇದೆ. ಎಲ್ಲ ಕಡೆ ಸಿಗುವ ನಾಲ್ಕು ಎಎಎ ಸೆಲ್ ಸಾಕು.

ನಿಮ್ಮ ಕಂತಿನ ಲೆಕ್ಕ ಅದರಲ್ಲೇ ಇದೆ. ಆಪ್ಸ್ ಒತ್ತಿ, ಫೈನಾನ್ಸ್, ಟಿವಿಎಂ ಸಾಲ್ವರ್‌ಗೆ (ಸಾಲ, ಬಡ್ಡಿ, ಕಂತಿನ ಲೆಕ್ಕದ ಪುಟ) ಹೋಗಿ. 20 ವರ್ಷಕ್ಕೆ 30 ಲಕ್ಷ, ಶೇ 8.5 ಬಡ್ಡಿ ಎಂದಿಟ್ಟುಕೊಳ್ಳಿ: ಎನ್ (ಒಟ್ಟು ಕಂತು) 240, ಐ (ವಾರ್ಷಿಕ ಬಡ್ಡಿ) 8.5, ಪಿವಿ (ಸಾಲದ ಮೊತ್ತ) 3000000, ಎಫ್‌ವಿ (ಕೊನೆಗೆ ಉಳಿಯುವ ಬಾಕಿ) 0, ಪಿ/ವೈ (ವರ್ಷಕ್ಕೆ ಕಂತು) 12. ಪಿಎಂಟಿ (ತಿಂಗಳ ಕಂತು) ಸಾಲಿಗೆ ಬಂದು ಆಲ್ಫಾ, ಎಂಟರ್ ಒತ್ತಿದರೆ –26,034.70 ಬರುತ್ತದೆ. ಕೈಯಿಂದ ಹೋಗುವ ಹಣವಾದ್ದರಿಂದ ಋಣ ಚಿಹ್ನೆ.

48ಜಿ (1993) ಬೇಡ ಎನ್ನಲು ಮನಸ್ಸಾಗದು, ಅದರ ಕೀಲಿಗಳ ಹದವೇ ಬೇರೆ. 3 ಎಂಟರ್ 4 + ಎಂದು ಸಂಖ್ಯೆ ಮೊದಲು, ಕ್ರಿಯೆ ಆಮೇಲೆ ಒತ್ತುವ ಆರ್‌ಪಿಎನ್ ಪದ್ಧತಿ ನಿಮಗೆ ರೂಢಿಯಿದ್ದರೆ ಅದನ್ನೇ ತರಿಸಿ. ಎರಡು ತೊಡಕು ತಿಳಿದಿರಲಿ. ಸೆಲ್ ಬದಲಿಸುವಾಗ ಬರೆದಿಟ್ಟದ್ದನ್ನು ಉಳಿಸುವ ಬ್ಯಾಕಪ್ ಸೆಲ್ ಇಲ್ಲ. ಆಫ್ ಮಾಡಿ, ಮೂರೂ ಎಎಎ ಸೆಲ್ಲನ್ನು ಎರಡು ನಿಮಿಷದೊಳಗೆ ಬದಲಿಸಬೇಕು, ನಡುವೆ ಆನ್ ಕೀಲಿ ಮುಟ್ಟಬಾರದು. ಮುಟ್ಟಿದರೆ ಬರೆದಿಟ್ಟದ್ದೆಲ್ಲ ಹೋದೀತು. ಇನ್ನೊಂದು, ಅದರ ಕವಚಕ್ಕೆ ಸ್ಕ್ರೂ ಇಲ್ಲ, ಕಾಯಿಸಿ ಬೆಸೆದಿದ್ದಾರೆ. ರಿಪೇರಿಗೆಂದು ಬಿಚ್ಚುವಾಗಲೇ ಒಡೆಯುವ ಸಂಭವವಿದೆ.

ಯಾವುದನ್ನೇ ಕೊಂಡರೂ ಮೊದಲು ಸೆಲ್ಲಿನ ಮುಚ್ಚಳ ತೆಗೆದ ಫೋಟೊ ಕೇಳಿ. ಸ್ಪ್ರಿಂಗಿನ ಬುಡದಲ್ಲಿ ಬಿಳಿ ಪುಡಿ ಇದ್ದರೆ ಕ್ಷಾರೀಯ ಸೆಲ್ ಸೋರಿದೆ ಎಂದರ್ಥ. ಸೋರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಗಾಳಿ ತಾಗಿ ಅದು ಪೊಟ್ಯಾಸಿಯಂ ಕಾರ್ಬೊನೇಟಿನ ಪುಡಿಯಾಗುತ್ತದೆ. ಹತ್ತಿಕಡ್ಡಿಯನ್ನು ಬಿಳಿ ವಿನೆಗರ್‌ನಲ್ಲಿ ಅದ್ದಿ ಒರೆಸಿ, ನೀರು ತೋಯಿಸಿದ ಕಡ್ಡಿಯಿಂದ ಮತ್ತೊಮ್ಮೆ, ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿದರೆ ಚೊಕ್ಕಟವಾಗುತ್ತದೆ. ಹಸಿರು ಕಿಲುಬು ತಂತಿಯ ಗುಂಟ ಒಳಗೆ ಹೊಕ್ಕಿದ್ದರೆ ಮಾತ್ರ ಬಿಟ್ಟುಬಿಡಿ, ಬೋರ್ಡಿನ ತಾಮ್ರದ ಗೆರೆಗಳನ್ನೇ ಅದು ತಿಂದಿರುತ್ತದೆ.

ಕೈಗೆ ಬಂದ ಮೇಲೆ ಪ್ರತಿ ಕೀಲಿಯನ್ನೂ ನಡುವಿನಲ್ಲಿ ಒಮ್ಮೆ, ಅಂಚಿನಲ್ಲಿ ಒಮ್ಮೆ ಒತ್ತಿ. 7 ಒತ್ತಿದರೆ 77 ಬಂತೆಂದರೆ ಅಂಥದ್ದು ನಂಬಿಕೆಗೆ ಅರ್ಹವಲ್ಲ. 83 ಪ್ಲಸ್‌ನ ರ‍್ಯಾಮ್ ರೀಸೆಟ್ ಮಾಡಿದರೆ ಕೋನದ ಅಳತೆ ಡಿಗ್ರಿ ಬಿಟ್ಟು ರೇಡಿಯನ್‌ಗೆ ಹೋಗುತ್ತದೆ. ಸೈನ್ 30ಕ್ಕೆ 0.5 ಬದಲು –0.988 ಬಂದರೆ ಗಾಬರಿ ಬೇಡ, ಮೋಡ್‌ನಲ್ಲಿ ಡಿಗ್ರಿ ಆರಿಸಿ.

ಪ್ರಶ್ನೆ: ಟಿಐ-83 ಪ್ಲಸ್ ಪರದೆಯಲ್ಲಿ ಎರಡು ಲಂಬ ಗೆರೆಗಳು ಮೂಡುತ್ತಿಲ್ಲ. ಸೆಲ್ ಹಳೆಯದಾಗಿದ್ದಕ್ಕೋ?
– ಪಾಲಿಟೆಕ್ನಿಕ್ ಉಪನ್ಯಾಸಕಿ, ಮೈಸೂರು

ಉತ್ತರ: ಅಲ್ಲ. ಸೆಲ್ ಸೊರಗಿದರೆ ಪರದೆ ಇಡೀ ಮಸುಕಾಗುತ್ತದೆ. 2ಎನ್‌ಡಿ ಒತ್ತಿ ಬಿಟ್ಟು, ಮೇಲ್ಮುಖ ಬಾಣ ಒತ್ತಿ ಹಿಡಿಯಿರಿ. ಬಲ ಮೂಲೆಯ ಅಂಕೆ 9 ಆದಾಗ ಪರದೆ ಕಪ್ಪಗಾಗಬೇಕು. ಆಗಲೂ ಆ ಎರಡು ಗೆರೆ ಬೆಳ್ಳಗೇ ಉಳಿದರೆ ಪರದೆಗೂ ಬೋರ್ಡಿಗೂ ನಡುವಿನ ರಿಬ್ಬನ್ನಿನ ಅಂಟು ಬಿಟ್ಟಿದೆ. ಚೌಕಟ್ಟನ್ನು ಬೆರಳಿಂದ ಅದುಮಿದರೆ ಗೆರೆ ಬಂದು ಹೋಗುತ್ತದೆ, ಬಿಸಿ ತಾಗಿಸಿ ಮತ್ತೆ ಅಂಟಿಸಿದರೂ ಬಹುಕಾಲ ನಿಲ್ಲುವ ಭರವಸೆಯಿಲ್ಲ. ಕೊಳ್ಳುವ ಮುಂಚೆ ಈ ಪರೀಕ್ಷೆ ಮಾಡುವುದೇ ಲೇಸು.

ಪ್ರಶ್ನೆ: ಮಗ ಪಿಯುಸಿ ಓದುತ್ತಿದ್ದಾನೆ. ಸಿಇಟಿಗೆ ಗ್ರಾಫಿಂಗ್ ಕ್ಯಾಲ್ಕುಲೇಟರ್ ನೆರವಾಗುತ್ತದೆಯೇ?
– ತಾಯಿ, ಶಿವಮೊಗ್ಗ

ಉತ್ತರ: ಸಿಇಟಿ, ಜೆಇಇ ಎರಡರಲ್ಲೂ ಕ್ಯಾಲ್ಕುಲೇಟರ್‌ಗೆ ಅವಕಾಶವಿಲ್ಲ. ಮನೆಯಲ್ಲಿ ವಕ್ರರೇಖೆಗಳ ಸ್ವರೂಪ ತಿಳಿಯಲು ಕೊಡಿಸಬಹುದು. ಪರೀಕ್ಷೆಗೆಂದು ದುಡ್ಡು ಹಾಕಬೇಡಿ.