ಬೆಚ್ಚಗಾಗುವುದು ಭೂಮಿಯ ಹಳೆಯ ಚಾಳಿಯೇ?

ಪ್ರಶ್ನೆ: ಹಿಮಯುಗ ಕಳೆದ ಮೇಲೆ ಭೂಮಿ ಬೆಚ್ಚಗಾಗುವುದು ಸಹಜ, ಮನುಷ್ಯನನ್ನು ದೂರಬೇಡಿ ಎನ್ನುತ್ತಾರೆ ಪಕ್ಕದ ತೋಟದವರು. ಹೌದೇ?
– ಕಾಫಿ ಬೆಳೆಗಾರ, ಮೂಡಿಗೆರೆ

ಉತ್ತರ: ಅವರ ಮಾತು ಅರ್ಧ ನಿಜ, ತೊಂದರೆ ಕೊಡುವುದೂ ಆ ಅರ್ಧವೇ. ಈಗಿನ ಬೆಚ್ಚನೆಯ ಅವಧಿ ಶುರುವಾದದ್ದು ಸುಮಾರು 11,700 ವರ್ಷಗಳ ಹಿಂದೆ. ಭೂಮಿಯ ಕಕ್ಷೆ, ಅಕ್ಷದ ಓರೆ, ಬುಗುರಿಯಂಥ ಓಲಾಟ ನಿಧಾನವಾಗಿ ಬದಲಾದಂತೆ ಉತ್ತರಾರ್ಧದ ಬೇಸಿಗೆಯ ಬಿಸಿಲು ಏರಿಳಿಯುತ್ತದೆ. ಹಿಮಯುಗಗಳ ತಾಳ ಅದರದ್ದು. ಹಾಸನದ ಶಾಲೆಯಲ್ಲಿ ಇದನ್ನು ನಾನು ಬುಗುರಿ ಆಡಿಸಿಯೇ ಕಲಿಸುತ್ತಿದ್ದೆ. ಒಮ್ಮೆ ಅದು ಮುಖ್ಯೋಪಾಧ್ಯಾಯರ ಕಾಫಿ ಲೋಟಕ್ಕೆ ಹಾರಿತು. ಮಕ್ಕಳಿಗೆ ನೆನಪಿರುವುದು ಅಷ್ಟೇ.

ಆದರೆ ಆ ಬಿಸಿಲಿನ ಲೆಕ್ಕ ಈಗ ತಿರುಗಿದೆ. ಉತ್ತರದ ಬೇಸಿಗೆ ಬಿಸಿಲು ಸಾವಿರಾರು ವರ್ಷಗಳಿಂದ ಇಳಿಯುತ್ತಿದೆ. ಅದೊಂದನ್ನೇ ನಂಬಿದರೆ ಭೂಮಿ ತುಸು ತಣ್ಣಗಾಗಬೇಕಿತ್ತು. ಅಂಟಾರ್ಕ್ಟಿಕಾದ ಹಿಮದಲ್ಲಿ ಸಿಕ್ಕಿಬಿದ್ದ ಗಾಳಿಗುಳ್ಳೆಗಳನ್ನು ಅಳೆದಿದ್ದಾರೆ: ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಭೂಮಿಯ ಬಿಸಿಯನ್ನು ಹಿಡಿದಿಡುವ ಇಂಗಾಲದ ಡೈಆಕ್ಸೈಡ್ ಹಿಮಯುಗದಲ್ಲಿ ಸುಮಾರು 180 ಪಾಲು, ಕೈಗಾರಿಕೆಗೆ ಮುಂಚಿನ ಬೆಚ್ಚನೆಯ ಕಾಲದಲ್ಲಿ 280. ಈಗ 420 ದಾಟಿದೆ. ಹೆಚ್ಚಿದ್ದು ಮುಖ್ಯವಾಗಿ ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ ಸುಟ್ಟು. ನಿಮ್ಮ ಪಲ್ಪರ್ ಯಂತ್ರವೂ ನನ್ನ ಹಳೆಯ ಸ್ಕೂಟರೂ ಅದರಲ್ಲಿ ಪಾಲುದಾರರು.

ಸುಮಾರು 1,25,000 ವರ್ಷಗಳ ಹಿಂದಿನ ಬೆಚ್ಚನೆಯ ಅವಧಿಯಲ್ಲಿ ಕಡಲು ಈಗಿಗಿಂತ ಸುಮಾರು ಆರರಿಂದ ಒಂಬತ್ತು ಮೀಟರ್ ಮೇಲಿತ್ತು. ಮೂಡಿಗೆರೆ ಹತ್ತಲು ಅದಕ್ಕಾಗದು, ನಿಜ. ನಿಮ್ಮ ಕಾಫಿ ಹಡಗು ಹತ್ತುವ ಮಂಗಳೂರು ಮಾತ್ರ ಕಡಲಂಚಿನಲ್ಲೇ ಇದೆ.