ಬೆಲ್ಟು ಬಿಗಿದಷ್ಟೂ ನೀರು ಜಾಸ್ತಿ!

ಪ್ರಶ್ನೆ: ಸಾರ್, 4 ಮಿ.ಮೀ. ಪ್ಲೈವುಡ್ ಹೊಲಿದು, ಎಪಾಕ್ಸಿ ಅಂಟು ಹಾಕಿ ನಾನೇ ಒಂದು ಸೀ ಕಯಾಕ್ (ಸಮುದ್ರದಲ್ಲಿ ಹುಟ್ಟು ಹಾಕಿ ಓಡಿಸುವ ಸಣ್ಣ ದೋಣಿ) ಮಾಡಿದ್ದೇನೆ. ಮಳೆಗಾಲ ಮುಗಿದ ಮೇಲೆ ಮಲ್ಪೆಗೆ ಒಯ್ಯುವ ಆಸೆ. ಶೆಟ್ಟಿಹಳ್ಳಿ ಚರ್ಚಿನ ಹತ್ತಿರ ಹಿನ್ನೀರಲ್ಲಿ ಬೇಕೆಂದೇ ಮಗುಚಿ ನೋಡಿದರೆ ಹಿಂದಿನ ಡಿಕ್ಕಿಯಲ್ಲಿ ಎರಡು ಲೀಟರ್ ನೀರು! ಮುಚ್ಚಳದ ಅಡಿಗೆ ಸ್ಪಂಜು ಅಂಟಿಸಿ, ನಡುವೆ ಒಂದು ಬೆಲ್ಟು ಹಾಕಿದ್ದೇನೆ. ಬಿಗಿದಷ್ಟೂ ನೀರು ಜಾಸ್ತಿಯಾಗುತ್ತಿದೆ.
– ಒಬ್ಬ ಓದುಗ, ಹಾಸನ

ಉತ್ತರ: ಬೆಲ್ಟನ್ನು ಬಯ್ಯಬೇಡಿ, ತಪ್ಪು ಮುಚ್ಚಳದ್ದು. 4 ಮಿ.ಮೀ. ಹಲಗೆಯನ್ನು ನಡುವೆ ಮಾತ್ರ ಅದುಮಿದರೆ ಹಿಂದೆ ಮುಂದೆ ಎರಡೂ ತುದಿ ಮೇಲೇಳುತ್ತವೆ, ನೀರಿಗೆ ಅಷ್ಟು ಸಂದು ಸಾಕು ಅಲ್ವಾ? ಮುಚ್ಚಳದ ಒಳಬದಿಗೆ ಉದ್ದಕ್ಕೆ ಎರಡು ಮರದ ಪಟ್ಟಿ ಅಂಟಿಸಿ. ನಡುವಿನ ಬೆಲ್ಟು ತೆಗೆದು, ಎರಡು ತುದಿಗೂ ಒಂದೊಂದು ಹಾಕಿ. ಮುಚ್ಚಳ ಚಪ್ಪಟೆ ಇದ್ದರೆ ಬೆಲ್ಟು ಬರೀ ಅಂಚನ್ನಷ್ಟೇ ಒತ್ತುತ್ತದೆ, ಅದಕ್ಕೆ ಮುಚ್ಚಳದ ಮೇಲೆ, ಬೆಲ್ಟಿನ ಅಡಿಯಲ್ಲಿ ಒಂದು ಸಣ್ಣ ಮರದ ತುಂಡು ಇಡಿ. ನೈಲಾನ್ ಬೆಲ್ಟು ಬೇಡ, ಒದ್ದೆಯಾದರೆ ಹಿಗ್ಗುತ್ತದೆ. ಪಾಲಿಯೆಸ್ಟರ್ ವಾಸಿ. ಬೈಕಿಗೆ ಲಗೇಜು ಕಟ್ಟುವ ಎಲಾಸ್ಟಿಕ್ ಹಗ್ಗವೂ ನಡೆಯುತ್ತದೆ, ಆದರೆ ಬಿಸಿಲಿಗೆ ಬೇಗ ಸತ್ತುಹೋಗುತ್ತದೆ.

ಇನ್ನು ಆ ಸ್ಪಂಜು. ಪಾತ್ರೆ ತೊಳೆಯುವ ಸ್ಪಂಜಿನಂಥದ್ದಾದರೆ ಅದೇ ನೀರು ಕುಡಿದು ಒಳಗೆ ಬಿಡುತ್ತದೆ, ಕಿತ್ತು ಬಿಸಾಕಿ. ನೀರು ಹೀರದ ನಿಯೋಪ್ರೀನ್ ಅಥವಾ ಇವಿಎ ಫೋಮ್ ಬೇಕು. ಕುಕ್ಕರ್ ಗ್ಯಾಸ್ಕೆಟ್ ಥರ, ಸುತ್ತ ಎಲ್ಲೂ ತುಂಡಾಗದ ಹಾಗೆ ಅಂಟಿಸಬೇಕು. ಆಮೇಲೆ ಡಿಕ್ಕಿಯ ಬಾಯಿಯ ಅಂಚಿಗೆ ಸೀಮೆಸುಣ್ಣ ಬಳಿದು, ಮುಚ್ಚಳ ಬಿಗಿದು ತೆಗೆಯಿರಿ. ಫೋಮಿನಲ್ಲಿ ಬಿಳಿ ಗೆರೆ ಎಲ್ಲಿ ತಪ್ಪಿದೆಯೋ ಅಲ್ಲೇ ಸೋರಿಕೆ.

ಇನ್ನೊಂದು ಕಳ್ಳದಾರಿ ಇದೆ. ಬಿಸಿಲಲ್ಲಿ ಒಳಗಿನ ಗಾಳಿ ಕಾದು ಹಿಗ್ಗಿ, ಮುಚ್ಚಳದ ಸಂದಿನಿಂದ ಸ್ವಲ್ಪ ಹೊರಗೆ ಹೋಗುತ್ತದೆ. ನೀರಿಗಿಳಿಸಿದ ಕೂಡಲೇ ಮಿಕ್ಕ ಗಾಳಿ ತಣ್ಣಗಾಗಿ ಕುಗ್ಗುತ್ತದೆ, ಅದೇ ಸಂದಿನಿಂದ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಅದಕ್ಕೆ ನೀವು ಕೂರುವ ಜಾಗಕ್ಕೂ ಡಿಕ್ಕಿಗೂ ನಡುವಿನ ಅಡ್ಡಗೋಡೆಯ ಮೇಲ್ಭಾಗದಲ್ಲಿ 1–2 ಮಿ.ಮೀ. ತೂತು ಕೊರೆಯಿರಿ. ತೂತು ಅಂದರೆ ಹೆದರಬೇಡಿ, ಅದರಿಂದ ಬರುವ ನೀರು ಕೆಲವೇ ಹನಿ.

ಮುಚ್ಚಳಕ್ಕೆ ಒಳಗಿನಿಂದ ಒಂದು ದಾರ ಕಟ್ಟುವುದನ್ನು ಮರೆಯಬೇಡಿ. ನಂದೊಂದು ಮುಚ್ಚಳ ಇವತ್ತಿಗೂ ಗೊರೂರು ಹಿನ್ನೀರಿನ ತಳದಲ್ಲಿದೆ! ಮಲ್ಪೆಗೆ ಹೊರಡುವ ಮೊದಲು ಮನೆಯಂಗಳದಲ್ಲೇ ಪೈಪಿನಲ್ಲಿ ಹತ್ತು ನಿಮಿಷ ನೀರು ಬಿಟ್ಟು ನೋಡಿ, ಆಮೇಲೆ ಇನ್ನೊಂದು ಸಲ ಶೆಟ್ಟಿಹಳ್ಳಿಯಲ್ಲೇ ಮಗುಚಿ. ಎಷ್ಟೇ ಸರಿಯಾದರೂ ಫೋನು, ಬಟ್ಟೆ ನೀರು ಹೋಗದ ಡ್ರೈ ಬ್ಯಾಗಿನಲ್ಲೇ ಇರಲಿ. ಕಯಾಕ್ ಮನೆಯಲ್ಲಿ ಸುಮ್ನೆ ಕೂತಿರುವಾಗ ಮಾತ್ರ ಬೆಲ್ಟು ಸಡಿಲ ಮಾಡಿಡಿ, ಇಲ್ಲದಿದ್ದರೆ ಹೊಸ ಫೋಮೂ ಅಮುಕಿ ಚಪಾತಿಯಾಗುತ್ತದೆ.