ಧಕ್ಕೆ ಬದಿಯ ಮಾತು: ಇಂಜಿನ್ ತಣ್ಣಗಿದ್ದಾಗ ಹೋಗಿ ನೋಡಿ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಬೋಟಿನದ್ದೇ. ಮೇ ತಿಂಗಳಲ್ವಾ, ಅದಕ್ಕೇ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಮೀನುಗಾರಿಕೆಗೆ ರಜೆ. ಬೋಟ್ ದಡಕ್ಕೆ ಬರುವ ಹೊತ್ತಿಗೇ ಕೊಡುವ ಮಾತು, ಕೊಳ್ಳುವ ಮಾತು ಶುರುವಾಗುತ್ತದೆ. ಗಂಗೊಳ್ಳಿ ಧಕ್ಕೆಯಲ್ಲಿ, ಅಂದರೆ ಬೋಟ್ ಕಟ್ಟಿ ಮೀನು ಇಳಿಸುವ ಕಟ್ಟೆಯಲ್ಲಿ, ನಮ್ಮ ಮನೆಯವರ ಬೋಟಿನ ಲೆಕ್ಕವನ್ನು 26 ವರ್ಷ ಬರೆದವಳು ನಾನು. ಕಣ್ಣಾರೆ ಕಂಡದ್ದನ್ನೇ ಹೇಳುತ್ತೇನೆ.

ಅಕ್ಕ, ಒಂಬತ್ತು ವರ್ಷ ಬೆಂಗಳೂರಿನಲ್ಲಿ ಹೋಟೆಲ್ ಕೆಲಸ ಮಾಡಿ ಈಗ ಊರಿಗೆ ಬಂದಿದ್ದೇನೆ. ದೊಡ್ಡಪ್ಪನ ಇಬ್ಬರು ಮಕ್ಕಳ ಜೊತೆ ಪಾಲಿನಲ್ಲಿ ಒಂದು ಸಣ್ಣ ಟ್ರಾಲ್ ಬೋಟ್ ಕೊಳ್ಳುವ ಯೋಚನೆ. ಮರದ ಬೋಟ್, ಹನ್ನೊಂದು ವರ್ಷ ಹಳೆಯದು. ಬಲೆ, ವಿಂಚ್, ಜಿಪಿಎಸ್ ಎಲ್ಲ ಸೇರಿ 14 ಲಕ್ಷ ಹೇಳುತ್ತಿದ್ದಾರೆ. ನಾಳೆಯೇ ಮುಂಗಡ ಕೊಡಿ, ಇಲ್ಲಾಂದ್ರೆ ಬೇರೆಯವರು ತಗೊಂಡು ಹೋಗ್ತಾರೆ ಅಂತ ದಲ್ಲಾಳಿ ಅವಸರ ಮಾಡುತ್ತಿದ್ದಾರೆ. ಏನೇನು ನೋಡಬೇಕು?
— ಹೆಸರು ಬೇಡ, ಕುಂದಾಪುರ ತಾಲೂಕು

ತಮ್ಮಾ, ನಾಳೆ ಮುಂಗಡ ಕೊಡಬೇಡ. ಬೇರೆಯವರು ತಗೊಂಡು ಹೋದರೆ ಹೋಗಲಿ. ಮಳೆಗಾಲದಲ್ಲಿ ಮಾರುವ ಬೋಟಿಗೆ ಬರಗಾಲ ಇಲ್ಲ.

ನಮ್ಮ ಮನೆಯಲ್ಲೇ ನಡೆದದ್ದು ಹೇಳುತ್ತೇನೆ. ನಾವು ಎರಡನೇ ಬೋಟ್ ನೋಡಲು ಹೋದದ್ದು ಬೆಳಿಗ್ಗೆ ಏಳು ಗಂಟೆಗೆ. ಒಂದೇ ಸಲಕ್ಕೆ ಇಂಜಿನ್ ಸ್ಟಾರ್ಟ್ ಆಯ್ತು. ನಮ್ಮವರ ಮುಖ ಅರಳಿತು, ಅಲ್ಲೇ ಮುಂಗಡ ಎಣಿಸಿ ಕೊಟ್ಟರು. ಆಮೇಲೆ ಬಂದ ಅತ್ತೆಯ ತಮ್ಮ ಇಂಜಿನ್ ಆಫ್ ಮಾಡಿಸಿ ಟ್ಯಾಂಕಿನ ನೀರು ಮುಟ್ಟಿ ನೋಡಿದರು. "ಐದು ನಿಮಿಷಕ್ಕೆ ಇಷ್ಟು ಬಿಸಿ ಆಗುದಿಲ್ಲ. ಬೆಳಗಿನ ಜಾವವೇ ಓಡಿಸಿ ಇಟ್ಟಿದ್ದಾರೆ" ಅಂದರು. ಆ ವರ್ಷ ದೀಪಾವಳಿಯ ಒಳಗೆ ಎರಡು ಸಲ ಇಂಜಿನ್ ಬಿಚ್ಚಿದೆವು. ಎಲ್ಲರ ಬೋಟಿಗೂ ಬಂಗುಡೆ ಬೀಳುತ್ತಿದ್ದ ಹದಿನೆಂಟು ದಿನ ನಮ್ಮದು ಧಕ್ಕೆಯಲ್ಲೇ ಇತ್ತು. ಆ ಲೆಕ್ಕದ ಪುಸ್ತಕದಲ್ಲಿ ಹದಿನೆಂಟು ಖಾಲಿ ಸಾಲುಗಳು ಇವತ್ತಿಗೂ ಇವೆ.

ಹಾಗಾಗಿ ಹೇಳದೆ ಕೇಳದೆ ಹೋಗು. ಮೊದಲು ಇಂಜಿನ್ ಮೇಲೆ ಕೈ ಇಡು, ತಣ್ಣಗಿರಬೇಕು. ಮೊದಲೇ ಬಿಸಿ ಮಾಡಿಟ್ಟ ಇಂಜಿನ್ ಸ್ಟಾರ್ಟ್ ಆಗುವ ಕಷ್ಟ ತೋರಿಸುವುದಿಲ್ಲ. ಆಯಿಲ್ ಅಳೆಯುವ ಕಡ್ಡಿ ಎಳೆದು ನೋಡು. ಆಯಿಲ್ ಹಾಲು ಹಾಕಿದ ಕಾಫಿಯ ಹಾಗೆ ಕಂಡರೆ ಒಳಗೆ ನೀರು ಸೇರಿದೆ ಅಂತಲೇ ಅರ್ಥ. ಸ್ಟಾರ್ಟ್ ಮಾಡಿದ ಮೇಲೆ ನೀಲಿ ಹೊಗೆ ನಿಲ್ಲದೆ ಬರುತ್ತಿದ್ದರೆ ಇಂಜಿನ್ ಆಯಿಲ್ ಕುಡಿಯುತ್ತಿದೆ. ಧಕ್ಕೆಯಲ್ಲಿ ಸುಮ್ನೆ ಓಡಿಸಿದರೆ ಏನೂ ಗೊತ್ತಾಗುವುದಿಲ್ಲ. ರಜೆ ಶುರುವಾಗುವ ಮೊದಲೇ ಒಂದು ದಿನ ಅವರ ಜೊತೆ ಕಡಲಿಗೆ ಹೋಗಿ, ಬಲೆ ಬಿಟ್ಟು ಎಳೆಯುವಾಗ ನೋಡು. ಭಾರ ಬಿದ್ದಾಗಲೇ ಇಂಜಿನ್ ತನ್ನ ನಿಜ ಹೇಳುವುದು.

ಬೋಟಿನ ಅಡಿ ನೋಡಲು ಜೂನ್ ತನಕ ಕಾಯಬೇಕು. ಬೋಟ್ ಮೇಲಕ್ಕೆ ಎಳೆದ ಮೇಲೆ ಒಂದು ಸಣ್ಣ ಸುತ್ತಿಗೆ, ಒಂದು ಚೂರಿ ಹಿಡಿದುಕೊಂಡು ಹೋಗು. ಅಡಿಮರದಿಂದ ಶುರು ಮಾಡಿ ಗೇಣಿಗೊಂದು ಪೆಟ್ಟು ಕೊಡುತ್ತಾ ಬಾ. ಒಳ್ಳೆ ಮರ ಟಣ್ ಅನ್ನುತ್ತದೆ. ಹುಳ ತಿಂದದ್ದು ಒದ್ದೆ ಗೋಣಿಗೆ ಹೊಡೆದ ಹಾಗೆ ಡಬ್ ಅನ್ನುತ್ತದೆ. ಅಲ್ಲಿ ಚೂರಿ ತುದಿ ಒತ್ತು. ಬೆಣ್ಣೆಯ ಹಾಗೆ ಒಳಗೆ ಹೋದರೆ ಆ ಹಲಗೆ ಬದಲಾಯಿಸಲೇಬೇಕು. ಹೆಬ್ಬಲಸಿನ ಮರ ಆದರೆ ಹನ್ನೊಂದು ವರ್ಷ ದೊಡ್ಡದೇನಲ್ಲ. ಯಾವ ಮರ ಅಂತ ಬೋಟ್ ಕಟ್ಟುವ ಆಚಾರಿಯೊಬ್ಬರನ್ನು ಕರಕೊಂಡು ಹೋಗಿ ಕೇಳು, ಅವರ ದಿನದ ಸಂಬಳ ಕೊಟ್ಟರೂ ಅದು ಲಾಭವೇ. ಹೊಸ ಬಣ್ಣ ಹೊಡೆದಿದ್ದರೆ ಎರಡು ಪಾಲು ಜಾಸ್ತಿ ನೋಡು. ಬಣ್ಣದ ಮೇಲೆ ಮೊಳೆ ಇರುವಲ್ಲಿ ಕಂದು ಗೆರೆ ಇಳಿದಿದ್ದರೆ ಒಳಗೆ ಮೊಳೆ ತುಕ್ಕು ಹಿಡಿದಿದೆ. ಮರದ ಮೇಲೆ ಫೈಬರ್ ಹೊದಿಸಿದ ಬೋಟಾದರೆ ಇನ್ನೂ ಹುಷಾರು, ಕೊಳೆತದ್ದು ಫೈಬರಿನ ಅಡಿಗೆ ಮುಚ್ಚಿ ಹೋಗಿರುತ್ತದೆ. ಬೋಟನ್ನು ಮುಂದೆ ತಳ್ಳುವ ಫ್ಯಾನನ್ನು (ಪ್ರೊಪೆಲ್ಲರ್) ಎರಡು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲುಗಾಡಿಸು. ಲೊಡಲೊಡ ಅಂದರೆ ಬುಷ್ ಸವೆದಿದೆ.

ಇನ್ನು ಜಿಪಿಎಸ್. ಎಲ್ಲ ಸೇರಿ ಅಂದಿದ್ದಾರಲ್ಲ, ಅದರೊಳಗಿನ ಗುರುತುಗಳೂ ಸೇರಿಯಾ ಅಂತ ಬಾಯಿ ಬಿಟ್ಟು ಕೇಳು. ಎಲ್ಲಿ ಬಂಡೆ ಇದೆ, ಎಲ್ಲಿ ಬಲೆ ಹರಿಯುತ್ತದೆ, ಯಾವ ತಿಂಗಳು ಎಲ್ಲಿ ಮೀನು ಅಂತ ಬೋಟ್ ನಡೆಸುವ ತಾಂಡೇಲ ವರ್ಷಗಟ್ಟಲೆ ಒತ್ತಿ ಇಟ್ಟದ್ದು ಅದು. ಎಷ್ಟೋ ಜನ ಕೊಡುವ ಹಿಂದಿನ ದಿನ ಅಳಿಸಿ ಕೊಡುತ್ತಾರೆ. ತಪ್ಪು ಅಂತ ಹೇಳುವುದಿಲ್ಲ, ಅದು ಅವರ ದುಡಿಮೆ. ಆದರೆ ಖಾಲಿ ಜಿಪಿಎಸ್‌ಗೂ ತುಂಬಿದ ಜಿಪಿಎಸ್‌ಗೂ ಒಂದೇ ರೇಟು ಅಲ್ಲ.

ಮರ, ಇಂಜಿನ್ ಎಲ್ಲ ಸರಿ ಇದ್ದರೂ ಮುಖ್ಯವಾದದ್ದು ಇನ್ನೂ ಇದೆ. ಒಂದು ವಾರ ಆ ಧಕ್ಕೆಯಲ್ಲಿ ಹೋಗಿ ನಿಲ್ಲು. ಐಸ್ ಪ್ಲಾಂಟಿನವರನ್ನು ಕೇಳು, ಡೀಸೆಲ್ ಬಂಕಿನವರನ್ನು ಕೇಳು, ಬಲೆ ಅಂಗಡಿಯವರನ್ನು ಕೇಳು: ಈ ಬೋಟಿನ ಬಾಕಿ ಎಷ್ಟು? ಮೀನು ಹಾಕಿಸಿಕೊಳ್ಳುವ ವ್ಯಾಪಾರಿಗಳ ಹತ್ತಿರ ಸಾಲ ಎತ್ತಿದ್ದರೆ ನಿನ್ನ ಮೊದಲ ಮೀನು ಅವರ ತಕ್ಕಡಿಗೇ ಹೋಗಬೇಕು ಅಂತ ಹಟ ಹಿಡಿಯುತ್ತಾರೆ. ಬ್ಯಾಂಕ್ ಸಾಲ ತೀರಿದ ಪತ್ರ, ನೋಂದಣಿ, ಲೈಸೆನ್ಸ್, ವಿಮೆ, ಡೀಸೆಲ್ ಪಾಸ್‌ಬುಕ್, ಎಲ್ಲದರಲ್ಲೂ ಹೆಸರು, ನಂಬರು ಒಂದೇ ಇದೆಯಾ ನೋಡು. ಇಂಜಿನ್ ಮೇಲೆ ಕೆತ್ತಿದ ನಂಬರನ್ನು ನಿನ್ನ ಕೈಯಿಂದಲೇ ಬರೆದುಕೊಂಡು ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ತೋರಿಸಿ ಕೇಳು.

ತಾಂಡೇಲ, ಬೋಟಿನಲ್ಲಿ ದುಡಿಯುವ ಕಲಾಸಿಗಳ ಮಾತೂ ಮೊದಲೇ ಆಗಲಿ. ಆಂಧ್ರ, ಒಡಿಶಾ, ಜಾರ್ಖಂಡ್ ಕಡೆಯ ಹುಡುಗರು ಇದ್ದರೆ ಅವರಿಗೆ ಮುಂಗಡ ಕೊಟ್ಟಿರುತ್ತಾರೆ. ಆ ಮುಂಗಡ ಯಾರ ಲೆಕ್ಕಕ್ಕೆ? ಬೋಟ್ ಕೈ ಬದಲಾದರೆ ಅವರು ನಿನ್ನ ಜೊತೆ ಇರುತ್ತಾರಾ? ಹಾಂ, ನೀವು ಮೂವರು ಅಣ್ಣತಮ್ಮಂದಿರು ಅಂದೆಯಲ್ಲ. ಯಾರ ದುಡ್ಡು ಎಷ್ಟು, ಬಲೆ ಹರಿದರೆ ಯಾರು ಹಾಕುವುದು, ಒಬ್ಬನಿಗೆ ಬೇಡವಾದರೆ ಹೇಗೆ ಬಿಟ್ಟುಹೋಗುವುದು ಅಂತ ಕಾಗದದಲ್ಲಿ ಬರೆದು ಮೂವರೂ ಸಹಿ ಹಾಕಿ. ಅಣ್ಣನ ಹತ್ತಿರ ಕಾಗದ ಕೇಳುವುದು ಹೇಗೆ ಅಂತ ನಾಚಿಕೆ ಬೇಡ. ಬೋಟಿನ ಪಾಲಿಗಾಗಿ ಒಂದೇ ಅಂಗಳದಲ್ಲಿ ಬೇಲಿ ಹಾಕಿಕೊಂಡ ಮನೆಗಳು ನಮ್ಮ ಕೇರಿಯಲ್ಲೇ ಇವೆ.

ಅಕ್ಕಾ, ನಮ್ಮ ಯಜಮಾನರು ಹೋಗಿ ಎರಡು ವರ್ಷ ಆಯ್ತು. ಬೋಟ್ ಅವರ ಹೆಸರಿನಲ್ಲೇ ಇದೆ. ಮೈದುನ ರತ್ನಾಗಿರಿ ಕಡೆಯ ಪಾರ್ಟಿ ಹುಡುಕಿದ್ದಾರೆ. ಈಗ ಬೋಟ್ ಕೊಂಡೊಯ್ಯುತ್ತೇವೆ, ಕಾಗದ ಆಮೇಲೆ ಮಾಡೋಣ ಅಂತಾರೆ. ಬೋಟಿಗೆ ನಮ್ಮ ಮಗಳ ಹೆಸರು. ಆ ಹೆಸರು ಬೇರೆಯವರ ಕೈಗೆ ಹೋಗುವುದು ನೆನೆದರೆ ರಾತ್ರಿ ನಿದ್ದೆ ಬರುವುದಿಲ್ಲ.
— ಒಬ್ಬ ತಾಯಿ, ಭಟ್ಕಳ

ತಂಗೀ, ಕಾಗದ ಆಗದೆ ಬೋಟಿನ ಹಗ್ಗ ಬಿಚ್ಚಲು ಬಿಡಬೇಡಿ. ಮೈದುನನವರು ಒಳ್ಳೆ ಮನಸ್ಸಿನಿಂದಲೇ ಹೇಳಿರಬಹುದು, ಆದರೂ ಬೇಡ. ಮೊದಲು ವಾರಸುದಾರರ ದಾಖಲೆ ಮಾಡಿಸಿ ಬೋಟನ್ನು ನಿಮ್ಮ ಹೆಸರಿಗೆ ತನ್ನಿ. ಬೇರೆ ರಾಜ್ಯಕ್ಕೆ ಹೋಗುವ ಬೋಟ್, ಅದಕ್ಕೆ ಇಲಾಖೆಯಿಂದ ನಿರಾಕ್ಷೇಪಣಾ ಪತ್ರ ತೆಗೆಯಬೇಕು. ಅಲ್ಲಿಯ ತನಕ ಆ ಬೋಟ್ ಏನು ಮಾಡಿದರೂ ಮೊದಲು ನಿಮ್ಮ ಬಾಗಿಲಿಗೇ ಬರುತ್ತಾರೆ. 2008ರಲ್ಲಿ ಮುಂಬೈ ಮೇಲೆ ದಾಳಿ ಮಾಡಿದವರು ಬಂದದ್ದು ಗುಜರಾತಿನ ಮೀನುಗಾರಿಕೆ ಬೋಟೊಂದನ್ನು ಅಪಹರಿಸಿ. ಅಂದಿನಿಂದ ನಡುನೀರಿನಲ್ಲಿ ಬೋಟ್ ತಡೆದರೆ ಮೊದಲು ಕೇಳುವುದೇ ಯಾರ ಬೋಟ್, ಕಾಗದ ಎಲ್ಲಿ ಅಂತ. ಬೋಟಿನಲ್ಲಿ ಒಬ್ಬ ಕಲಾಸಿಗೆ ಏನಾದರೂ ಆದರೂ ನಿಮ್ಮ ಬಾಗಿಲಿಗೇ ಬರುತ್ತಾರೆ.

ಕೆಲಸ ಮಾಡಿದ ಹುಡುಗರ ಬಾಕಿ ಇದ್ದರೆ ಬಂದ ಹಣದಲ್ಲಿ ಮೊದಲು ಅದನ್ನು ಕೊಡಿ.

ಇನ್ನು ಹೆಸರು. ಅದು ನಿಮ್ಮ ಮಗಳದ್ದು, ಮಾರಾಟದಲ್ಲಿ ಸೇರಿಲ್ಲ. ಕೊಳ್ಳುವವರಿಗೆ ನೇರವಾಗಿ ಹೇಳಿ: ಹೊರಡುವ ಮೊದಲು ಹೆಸರಿನ ಮೇಲೆ ಬಣ್ಣ ಹೊಡೆಯಬೇಕು, ಕಾಗದದಲ್ಲೂ ಬದಲಾಯಿಸಬೇಕು. ಯಾರೂ ಇಲ್ಲ ಅನ್ನುವುದಿಲ್ಲ, ಅವರಿಗೂ ಅವರ ದೇವರ ಹೆಸರು ಬೇಕಲ್ವಾ. ಮೇಲಿನ ಕ್ಯಾಬಿನ್ನಿಗೆ ಹೊಡೆದ ಹೆಸರಿನ ಹಲಗೆ ಇದ್ದರೆ ಬಿಚ್ಚಿ ಮನೆಗೆ ತನ್ನಿ. ನಮ್ಮ ಮೊದಲ ಬೋಟಿನ ಹಲಗೆ ಅಡುಗೆಮನೆ ಬಾಗಿಲ ಮೇಲಿದೆ. ಹಳದಿ ಅಕ್ಷರ, ಒಂದು ಮೂಲೆಯಲ್ಲಿ ಹಗ್ಗ ಉಜ್ಜಿ ಬಣ್ಣ ಹೋಗಿದೆ. ಬೆಳಿಗ್ಗೆ ಒಲೆ ಹಚ್ಚುವಾಗ ಅದನ್ನೊಮ್ಮೆ ನೋಡುತ್ತೇನೆ. ಬೋಟ್ ಹೋಗುವ ದಿನ ನೀವು ಧಕ್ಕೆಗೆ ಹೋಗಿ. ಮನೆಯೊಳಗೆ ಕೂತು ಅಳುವುದಕ್ಕಿಂತ ಅಲ್ಲಿ ನಿಂತು, ಒಂದು ಕಾಯಿ ಒಡೆದು ಕಳಿಸಿಕೊಡುವುದು ಒಳ್ಳೆಯದು. ನಾನೂ ಹಾಗೇ ಮಾಡಿದ್ದೆ.

ನಮ್ಮ ಬೋಟಿಗೆ ಒತ್ತಿ ನಾಲ್ಕೈದು ಬೋಟ್ ಕಟ್ಟುತ್ತಾರೆ. ಉಜ್ಜಿ ಬಣ್ಣ ಹೋಗುತ್ತದೆ, ನಮ್ಮ ಬೋಟಿನ ಮೇಲೆ ಹಾದು ದಡಕ್ಕೆ ಹೋಗುತ್ತಾರೆ. ಜಗಳ ಆಗುತ್ತಿದೆ. ಏನು ಮಾಡಲಿ?
— ಹೊನ್ನಾವರದ ಓದುಗರು

ಜಾಗ ಇಲ್ಲದ ಧಕ್ಕೆಯಲ್ಲಿ ಹಾದು ಹೋಗುವುದನ್ನು ತಡೆಯಬೇಡಿ, ನಾಳೆ ನೀವೂ ಅವರ ಬೋಟ್ ದಾಟಬೇಕು. ಬದಿಗೆ ಹಳೆ ಟಯರ್ ಅವರೂ ಇಳಿಬಿಡಲಿ, ನೀವೂ ಇಳಿಬಿಡಿ. ಆದರೆ ಬೆಂಕಿಯ ವಿಷಯದಲ್ಲಿ ಮಾತ್ರ ಗಟ್ಟಿ ಮಾತಾಡಿ. 2023ರ ದೀಪಾವಳಿಯ ಹೊತ್ತಿಗೆ ನಮ್ಮ ಗಂಗೊಳ್ಳಿಯಲ್ಲಿ ಸಾಲಾಗಿ ನಿಲ್ಲಿಸಿದ್ದ ಬೋಟುಗಳಿಗೆ ಬೆಂಕಿ ಬಿತ್ತು. ಒಂದಕ್ಕೊಂದು ಒತ್ತಿಕೊಂಡಿದ್ದವು, ನೋಡನೋಡುತ್ತಾ ಹಲವು ಬೋಟ್ ಸುಟ್ಟು ಹೋದವು. ರಜೆಯಲ್ಲಿ ನಿಲ್ಲಿಸಿದ ಬೋಟಿನಲ್ಲಿ ಗ್ಯಾಸ್ ಸಿಲಿಂಡರ್ ಬಿಡಬೇಡಿ, ಬ್ಯಾಟರಿ ವೈರ್ ಬಿಚ್ಚಿಡಿ. ವಿಮೆ ಕಟ್ಟುವುದನ್ನು ಈ ಎರಡು ತಿಂಗಳು ಬಿಟ್ಟರೂ ನಡೆಯುತ್ತದೆ ಅಂತ ಲೆಕ್ಕ ಹಾಕಬೇಡಿ.

ನಾನು ಶಿವಮೊಗ್ಗ ಕಡೆಯವಳು, ಮದುವೆಯಾಗಿ ಕೋಡಿಬೆಂಗ್ರೆಗೆ ಬಂದು ಏಳು ತಿಂಗಳು. ಮನೆಯವರು ಕಡಲಿಗೆ ಹೋದರೆ ನಾಲ್ಕೈದು ದಿನ ಬರುವುದಿಲ್ಲ. ಧಕ್ಕೆಯಲ್ಲಿ ಹೆಂಗಸರು ನನ್ನ ಹತ್ತಿರ ಮಾತೇ ಆಡುವುದಿಲ್ಲ.
— ಘಟ್ಟದ ಮೇಲಿನ ಸೊಸೆ

ಮಗಾ, ಅವರು ಮುಖ ತಿರುಗಿಸುವುದಲ್ಲ. ಮೀನು ಇಳಿಯುವ ಹೊತ್ತಿನಲ್ಲಿ ಅವರಿಗೆ ತಲೆ ಎತ್ತಲು ಪುರುಸೊತ್ತಿಲ್ಲ. ನೀನು ದೂರ ನಿಂತು ನೋಡಿದರೆ ಮೀನು ಕೊಳ್ಳಲು ಬಂದವಳು ಅಂದುಕೊಳ್ಳುತ್ತಾರೆ. ಹಳೆ ಸೀರೆ ಉಟ್ಟು ಹೋಗಿ ಮೀನು ವಿಂಗಡಿಸುವವರ ಪಕ್ಕ ಕುಕ್ಕರಗಾಲಲ್ಲಿ ಕೂತುಬಿಡು. ದಿನಕ್ಕೊಂದು ಮೀನಿನ ಹೆಸರು ಕೇಳು. ಒಂದೇ ಮೀನಿಗೆ ತುಳುವಿನವರು ಬೂತಾಯಿ ಅಂತಾರೆ, ಕುಂದಾಪುರದ ನಾವು ಬೈಗೆ, ಕೊಂಕಣಿಯವರು ತಾರ್ಲೆ. ತಪ್ಪು ಹೇಳಿದರೆ ನಗುತ್ತಾರೆ, ನಗಲಿ. ಆ ನಗುವಿನಲ್ಲೇ ಮಾತು ಶುರು.

ನಿನ್ನ ಮನೆಯವರ ಬೋಟಿನಲ್ಲಿ ಹೋಗುವ ಎಲ್ಲರ ಮನೆ ಎಲ್ಲಿ, ಹೆಂಗಸರ ಫೋನ್ ನಂಬರ್ ಏನು ಅಂತ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸು. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೋದ ಒಂದು ಬೋಟ್ ಏಳು ಜನರ ಜೊತೆ ಕಾಣೆಯಾಯ್ತು. ಅವಶೇಷ ಮಹಾರಾಷ್ಟ್ರದ ಮಾಲ್ವಣದ ಹತ್ತಿರ ಕಡಲಿನಡಿ ಸಿಕ್ಕಿತು ಅಂತ ಗೊತ್ತಾಗುವಾಗ ಮರು ವರ್ಷದ ಮೇ ತಿಂಗಳು. ಆ ತಿಂಗಳುಗಳಲ್ಲಿ ನಮ್ಮ ಕಡೆಯ ಹೆಂಗಸರು ಯಾರೂ ಒಬ್ಬರೇ ಕೂತು ಕಾಯಲಿಲ್ಲ. ತೂಫಾನ್ ಸುದ್ದಿ ಬಂದ ರಾತ್ರಿ ನೀನೂ ಒಬ್ಬಳೇ ಇರಬಾರದು, ಅದಕ್ಕೆ ಈ ಹಾಳೆ.

ನೂಲ ಹುಣ್ಣಿಮೆಗೆ ಸಮುದ್ರ ಪೂಜೆ ಇರುತ್ತದೆ. ಕಡಲಿಗೆ ಹಾಲು ಹೊಯ್ದು, ಕಾಯಿ ಬಿಡುತ್ತಾರೆ. ಈ ಸಲ ಅತ್ತೆಯ ಹಿಂದೆ ನಿಲ್ಲಬೇಡ. ಹಾಲಿನ ಚೆಂಬು ನನ್ನ ಕೈಗೂ ಕೊಡಿ ಅಂತ ಕೇಳು.